ಇಂದ್ರಮ್ಮನ ಹೊಂಗೆ ಮರಕ್ಕೆ ಹಿಮ ಬಿದ್ದದ್ದು

ಗೋವಿಂದರಾಜನಗರದ ಇಂದ್ರಮ್ಮನಿಗೆ ಚಳಿ ಕಂಡರೆ ಆಗದು. ಡಿಸೆಂಬರ್ ಬಂತೆಂದರೆ ಸ್ವೆಟರಿನ ಮೇಲೆ ಶಾಲು ಹೊದ್ದು, ಕಿವಿಗೆ ಹತ್ತಿ ಇಟ್ಟುಕೊಂಡು ಹಾಲಿನ ಬೂತಿಗೆ ಹೋಗುವ ಹೆಂಗಸು. ಅಂಥವಳು ಒಂದು ಇಡೀ ಬೇಸಿಗೆ ಕೂತು ಹಿಮದ ಚಿತ್ರ ಬಿಡಿಸಿದಳು. ಅದೂ ಎಲ್ಲಿಯ ಹಿಮ? ತನ್ನ ಮನೆಯ ಮುಂದಿನ ಹೊಂಗೆ ಮರದ ಮೇಲೆ ಬಿದ್ದ ಹಿಮ.

ಹಿಮವನ್ನು ಅವಳು ಕಂಡವಳಲ್ಲ. ಆದರೆ ಹಿಮದ ನಾಡಿನವರಿಗೆ ಬಟ್ಟೆ ಹೊಲಿಯುವುದರಲ್ಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ, ಹೊರದೇಶಕ್ಕೆ ಹೋಗುವ ದಪ್ಪ ಜಾಕೆಟ್ಟುಗಳಿಗೆ ಜಿಪ್ಪು ಕೂರಿಸುವುದು ಅವಳ ಕೆಲಸ. ಏಪ್ರಿಲ್ ಬಿಸಿಲಿಗೆ ಮೇಲಿನ ಶೀಟು ಕಾಯುತ್ತಿರುತ್ತಿತ್ತು, ತೊಡೆಯ ಮೇಲೆ ರಜಾಯಿಯಂಥ ಜಾಕೆಟ್ಟು ಬಿದ್ದಿರುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. “ಇದನ್ನ ಹಾಕ್ಕೊಳ್ಳೋರ ಊರಲ್ಲಿ ಅದೆಂಥ ಚಳಿ ಇರ್ಬೇಕಮ್ಮಾ” ಎಂದು ಪಕ್ಕದ ಮೆಷಿನ್ನಿನವರು ನಗುತ್ತಿದ್ದರು. ಒಮ್ಮೆ ಸೂಪರ್‌ವೈಸರ್ ಬಣ್ಣದ ಫೋಟೋಗಳ ಒಂದು ಪುಸ್ತಕ ತಂದು ತೋರಿಸಿದ. ಅವರೇ ಹೊಲಿದ ಜಾಕೆಟ್ಟು ತೊಟ್ಟು ಯಾವುದೋ ದೇಶದ ಹುಡುಗಿಯೊಬ್ಬಳು ನಗುತ್ತಿದ್ದಳು. ಎಲ್ಲರೂ ಕಾಲರು ನೋಡಿದರು, ಜಿಪ್ಪು ನೋಡಿದರು. ಇಂದ್ರಮ್ಮನ ಕಣ್ಣು ಮಾತ್ರ ಹುಡುಗಿಯ ಹಿಂದೆ ನಿಂತಿದ್ದ ಮರದ ಮೇಲಿತ್ತು. ಮರವೇ ಬಿಳಿಯ ಬಟ್ಟೆ ಹೊದ್ದು ನಿಂತಂತಿತ್ತು. ಎಷ್ಟು ಹೊತ್ತು ನೋಡಿದಳೆಂದರೆ, ಸೂಪರ್‌ವೈಸರ್ ಪುಸ್ತಕವನ್ನು ಕೈಯಿಂದ ಕಿತ್ತುಕೊಂಡು ಹೋಗಬೇಕಾಯಿತು.

ಫ್ಯಾಕ್ಟರಿ ಬಿಡದಿಯಾಚೆಗೆ ಹೋಯಿತು. ಮಂಡಿ ನೋವಿನ ಇಂದ್ರಮ್ಮ ಅಷ್ಟು ದೂರ ಓಡಾಡಲಾರದೆ ಕೆಲಸ ಬಿಟ್ಟಳು. ಗಂಡ ನಾರಾಯಣಪ್ಪ ಅಷ್ಟರಲ್ಲಾಗಲೇ ನಾಯಂಡಹಳ್ಳಿಯ ವರ್ಕ್‌ಶಾಪಿನಿಂದ ನಿವೃತ್ತನಾಗಿ ಮನೆಯಲ್ಲಿದ್ದ. ಮಗಳು ಶಿಲ್ಪಾ ಶ್ರೀಗಂಧದ ಕಾವಲ್‌ನಲ್ಲಿ ಸಂಸಾರ ಹೂಡಿಕೊಂಡಿದ್ದಳು. ಬೆಳಗಿನ ಅಡುಗೆ ಮುಗಿದ ಮೇಲೆ ಇಂದ್ರಮ್ಮನಿಗೆ ಹೊತ್ತೇ ಹೋಗುತ್ತಿರಲಿಲ್ಲ. ಕೈ ಸುಮ್ಮನಿದ್ದು ಅಭ್ಯಾಸವಿಲ್ಲದವಳು.

ಅವಳ ಕೈಗೆ ಸಿಕ್ಕಿದ್ದು ಮೊಮ್ಮಗಳ ಟ್ಯಾಬು. ಸ್ಕೂಲು ಮುಚ್ಚಿದ್ದ ಕೊರೋನಾ ಕಾಲದಲ್ಲಿ ಧನ್ಯಶ್ರೀಗೆ ಪಾಠ ಕೇಳಲು ಕೊಡಿಸಿದ್ದು. ಈಗ ಅವಳು ಕಾಲೇಜು ಸೇರಿ ಹೊಸದು ಕೊಂಡಿದ್ದಳು, ಹಳೆಯದು ಅಜ್ಜಿಯ ಮನೆಯ ಶೋಕೇಸಿನಲ್ಲಿ ಧೂಳು ತಿನ್ನುತ್ತಿತ್ತು. ಒಂದು ಭಾನುವಾರ ಅದರ ಪೆನ್ನಿನಿಂದ ಇಂದ್ರಮ್ಮ ಸುಮ್ಮನೆ ಒಂದು ಹಾಗಲಕಾಯಿ ಬಿಡಿಸಿದಳು. ಧನ್ಯಶ್ರೀ ಬೆರಗಾದಳು.

“ಅಜ್ಜೀ, ನಿಂಗೆ ಡ್ರಾಯಿಂಗ್ ಬರತ್ತಾ!”

“ಹಾಗಲಕಾಯಿ ಬರತ್ತೆ” ಎಂದಳು ಇಂದ್ರಮ್ಮ.

ಆವತ್ತೇ ಮೊಮ್ಮಗಳು ಬಣ್ಣ ತುಂಬುವುದು, ಬ್ರಷ್ ಬದಲಿಸುವುದು ಎಲ್ಲವನ್ನೂ ಹೇಳಿಕೊಟ್ಟಳು. ಒಂದರ ಮೇಲೊಂದು ಲೇಯರ್ ಹಾಕುವುದನ್ನು ವಿವರಿಸಲು ಹೊರಟಾಗ ಅಜ್ಜಿ ತಡೆದಳು. “ಗೊತ್ತು ಕಣೇ, ನಮ್ಮ ಕಟಿಂಗ್ ಸೆಕ್ಷನ್ನಲ್ಲೂ ಬಟ್ಟೆ ಹಂಗೇ ಹಾಸ್ತಿದ್ರು.” ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ತಪ್ಪನ್ನು ಅಳಿಸುವ ಸುಲಭ. ಎರಡು ಬೆರಳು ಮುಟ್ಟಿಸಿದರೆ ಗೆರೆ ಮಾಯ. ಹೊಲಿಗೆ ಬಿಚ್ಚಲು ದಾರ ಕತ್ತರಿಸುತ್ತ ಕೂತು ಕಣ್ಣು ಹಾಳು ಮಾಡಿಕೊಂಡವಳಿಗೆ ಇದು ದೇವರೇ ಕೊಟ್ಟ ವರವೆನಿಸಿತು.

ಮನೆಯಲ್ಲಿದ್ದುದನ್ನೆಲ್ಲ ಬಿಡಿಸಿ ಮುಗಿಸಿ ಕೊನೆಗೆ ಕಿಟಕಿಯಾಚೆಯ ಹೊಂಗೆ ಮರಕ್ಕೆ ಬಂದಳು. ಕರೆಂಟಿನ ತಂತಿ ಇರುವ ಕಡೆ ಪ್ರತಿ ವರ್ಷ ಟೊಂಗೆ ಕಡಿದು ಕಡಿದು, ಬೈತಲೆ ಒಂದೇ ಕಡೆಗೆ ತೆಗೆದು ಬಾಚಿದಂತೆ ನಿಂತಿರುವ ಮರ. ನಾರಾಯಣಪ್ಪ ದಿನಾ ಬೆಳಗ್ಗೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಮರ ಚೆನ್ನಾಗಿಯೇ ಬಂತು. ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟು ಹೋಗಿ, ಫ್ಯಾನು ನಿಂತು, ಸೆಕೆಗೆ ಜೀವ ಬಾಯಿಗೆ ಬಂದಾಗ, ಆ ಮರದ ಮೇಲೆ ಒಂದಿಷ್ಟು ಹಿಮ ಬಿದ್ದರೆ ಹೇಗಿರುತ್ತದೆ ಎಂದು ಅವಳಿಗೆ ಅನ್ನಿಸಿತು.

ಬಿಳಿ ಬಣ್ಣ ತೆಗೆದುಕೊಂಡು ಎಲೆಗಳಿಗೆಲ್ಲ ಬಳಿದಳು. ನಾರಾಯಣಪ್ಪ ಕನ್ನಡಕ ಮೇಲೆತ್ತಿ ನೋಡಿದ.

“ಏನೇ ಇದು, ಮರಕ್ಕೆ ಸುಣ್ಣ ಹೊಡ್ಸಿದೀಯ?”

“ಸುಣ್ಣ ಅಲ್ಲ ರೀ, ಹಿಮ.”

“ಕಾರ್ಪೊರೇಷನ್ನೋರು ಬುಡಕ್ಕೆ ಬಳೀತಾರಲ್ಲ, ಅದು ತುದೀವರ್ಗೂ ಹೋದಂಗಿದೆ.”

ಇಂದ್ರಮ್ಮ ಎಲ್ಲವನ್ನೂ ಅಳಿಸಿ, ಮರುದಿನ ಉಂಡೆ ಉಂಡೆಯಾಗಿ ಹಾಕಿದಳು. “ಈಗ ಮೊಸರನ್ನ ಚೆಲ್ಲಿದಂಗಿದೆ” ಎಂದ ನಾರಾಯಣಪ್ಪ. ಅವನ ಮಾತಿಗೆ ಕೋಪ ಬಂತು. ಆದರೆ ನೋಡಿದರೆ ಮೊಸರನ್ನವೇ.

ಅವರ ಮಹಡಿಯ ಮೇಲೆ ಸುವರ್ಣಾ ಎಂಬ ಹುಡುಗಿ ಬಾಡಿಗೆಗಿದ್ದಳು. ಇಳಕಲ್ಲಿನ ಕಡೆಯವಳು. ರಾಜಾಜಿನಗರದ ಯಾವುದೋ ಕಂಪನಿಯಲ್ಲಿ ಕೆಲಸ. ಬೆಳಗ್ಗೆ ಹೋದರೆ ಸಂಜೆ ಬರುವಳು, ಏನು ಕೆಲಸವೆಂದು ಇಂದ್ರಮ್ಮ ಕೇಳಿರಲಿಲ್ಲ. ಮನೆಯಿಂದ ರೊಟ್ಟಿ ಬಂದಾಗ ಎರಡು ತಂದುಕೊಡುವಷ್ಟು ಬಳಕೆ. ಒಂದು ಶನಿವಾರ ಅವಳು ಕೆಳಗಿಳಿದು ಬಂದಳು.

“ಆಂಟಿ, ಮ್ಯಾಲೆ ನೀರ ಬರವಲ್ದು, ಮೋಟ್ರ ಹಾಕ್ತೀರೇನ್ರಿ?” ಎಂದವಳ ಕಣ್ಣು ಟ್ಯಾಬಿನ ಮೇಲೆ ಬಿತ್ತು. “ಅಯ್ಯ, ಇದು ನೀವು ಬಿಡಿಸಿದ್ದೇನ್ರಿ? ಗಿಡಕ್ಕ ಸ್ನೋ ಹಾಕಾಕ ಹತ್ತೀರಿ?”

“ನಿಂಗೆ ಗೊತ್ತೇನಮ್ಮ ಇದೆಲ್ಲ?”

“ನನ್ನ ಕೆಲಸಾನ ಅದು ಆಂಟಿ. ಕಂಪ್ಯೂಟರ್ ಗೇಮ್ ಇರ್ತಾವಲ್ರಿ, ಅದರಾಗಿನ ಕಲ್ಲು, ಗ್ವಾಡಿ, ಗಿಡ ಎಲ್ಲಾ ನಾವ ಮಾಡೂದು. ಈ ವರ್ಷ ಪೂರ್ತಿ ಬರೇ ಸ್ನೋನ ಹಾಕೇನಿ.”

ಇಂದ್ರಮ್ಮನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. “ಹಂಗಾದ್ರೆ ನೀನು ಹಿಮ ನೋಡಿದೀಯ!”

“ಎಲ್ಲೀದ್ರಿ ಆಂಟಿ! ನಮ್ಮೂರಾಗ ಐಸ್‌ಕ್ಯಾಂಡಿ ತಗೊಂಡ್ರ ಬಾಯಿಗೆ ಮುಟ್ಟೂದ್ರಾಗ ಬರೇ ಕಡ್ಡಿ ಉಳೀತಿತ್ತು.”

ಇಬ್ಬರೂ ನಕ್ಕರು. ಮೋಟರಿನ ವಿಷಯ ಮರೆತೇ ಹೋಯಿತು. ಸುವರ್ಣಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ಸ್ನೋ ಬಳಿಯೂದಲ್ರಿ, ಬೀಳೂದು. ಮ್ಯಾಲಿಂದ ಬೀಳ್ತೈತಿ. ಟೊಂಗಿ ಬೆನ್ನ ಮ್ಯಾಲೆ ಕೂಡ್ತೈತಿ, ಹೊಟ್ಟಿಗೆ ಹತ್ತಂಗಿಲ್ಲ. ಬರ್ರಿ ಇಲ್ಲಿ, ಹೊರಗ ನೋಡ್ರಿ.”

ಕಿಟಕಿಯಾಚೆ, ಹೊಂಗೆ ಮರದ ಕೆಳಗೆ ನಾರಾಯಣಪ್ಪನ ಸ್ಕೂಟರು ನಿಂತಿತ್ತು. ಹೊಂಗೆ ಹೂವಿನ ಕಾಲ. ಪುರಿಯಂಥ ಬಿಳಿಯ ಹೂ ಸೀಟಿನ ಮೇಲೆ ಬೆರಳು ದಪ್ಪ ಕೂತಿತ್ತು. ಕನ್ನಡಿಯ ನೆತ್ತಿಯ ಮೇಲೆ ಒಂದಿಷ್ಟು, ಕಾಲಿಡುವ ಜಾಗದಲ್ಲಿ ರಾಶಿ. ಇಳಿಜಾರಿನ ಕಡೆ ಜಾರಿಹೋಗಿ ಅಲ್ಲಲ್ಲಿ ಮಾತ್ರ ಉಳಿದಿತ್ತು, ನೇರ ನಿಂತ ಕಡೆ ಒಂದೂ ಇರಲಿಲ್ಲ. ಇಂದ್ರಮ್ಮ ಇಷ್ಟು ವರ್ಷ ಅದನ್ನು ಗುಡಿಸಿದ್ದಳು, ನೋಡಿರಲಿಲ್ಲ. ಅಷ್ಟರಲ್ಲಿ ನಾರಾಯಣಪ್ಪ ಮಾರುಕಟ್ಟೆಗೆ ಹೊರಟವನು ಸೀಟು ಒರೆಸಲು ಬಟ್ಟೆ ತೆಗೆದ.

“ರೀ, ಮುಟ್ಬೇಡಿ! ನಾನು ನೋಡ್ಬೇಕು ಅದನ್ನ.”

“ತರಕಾರಿ ಯಾರು ತರ್ತಾರೆ?”

“ನಡ್ಕೊಂಡು ಹೋಗಿ. ಒಳ್ಳೇದು.”

ಗೊಣಗುತ್ತ ನಡೆದೇ ಹೋದ. ಅವನು ಬರುವಷ್ಟರಲ್ಲಿ ಇಂದ್ರಮ್ಮ ಟ್ಯಾಬು ಹಿಡಿದು ಸ್ಕೂಟರಿನ ಮುಂದೆ ಮೆಟ್ಟಿಲ ಮೇಲೆ ಕೂತಿದ್ದಳು.

ಅಂದಿನಿಂದ ಸುವರ್ಣಾ ರಜೆಯ ದಿನ ಕೆಳಗೆ ಬರುವುದು ರೂಢಿಯಾಯಿತು. ಬರೀ ಬಿಳಿ ಹಚ್ಚಬೇಡಿ, ಬಿಳಿಯಲ್ಲೂ ಬಗೆ ಇವೆ ಎಂದು ಹೇಳಹೊರಟಾಗ ಇಂದ್ರಮ್ಮನೇ ಅವಳಿಗೆ ಪಾಠ ಮಾಡಿದಳು. ಹಾಲುಬಿಳಿ, ದಂತದ ಬಿಳಿ, ಅರ್ಧಬಿಳಿ ಎಂದು ಶೇಡ್ ಕಾರ್ಡು ಹಿಡಿದು ಬಟ್ಟೆ ಹೊಂದಿಸಿದ ಕಣ್ಣು ಅದು. ಆದರೆ ನೆರಳಿನ ಕಡೆಯ ಹಿಮ ನೀಲಿಗೆ ತಿರುಗುತ್ತದೆ, ಬಿಸಿಲು ಸೋಕಿದ ಕಡೆ ತುಸು ಹಳದಿ ಎಂಬುದು ಅವಳಿಗೆ ಹೊಸದು. ಅಂಚನ್ನು ಕತ್ತರಿಸಿದಂತೆ ಬಿಡಬಾರದು, ನಡುನಡುವೆ ಎಲೆಯ ಹಸಿರು ಇಣುಕಬೇಕು ಎಂಬುದನ್ನೂ ಕಲಿತಳು. ಈಗ ಹಿಮ ಹಿಮದ ಹಾಗೇ ಕಾಣುತ್ತಿತ್ತು. ನಾರಾಯಣಪ್ಪ ಏನೂ ಅನ್ನದೆ ಹೋದದ್ದೇ ಅದಕ್ಕೆ ಸಾಕ್ಷಿ.

ಆದರೂ ಇಂದ್ರಮ್ಮನಿಗೆ ಸಮಾಧಾನವಿಲ್ಲ. ಏನೋ ಒಂದು ಸರಿಯಿಲ್ಲ. ಏನೆಂದು ಸುವರ್ಣಾಗೂ ಹೊಳೆಯಲಿಲ್ಲ. ಹೀಗಿರುವಾಗ ಒಂದು ದಿನ ಮನೆಯ ಹಳೆಯ ಕಂಬಳಿ ಒಗೆದು ತಂತಿಗೆ ಹಾಕಿದಳು. ನೀರು ಕುಡಿದ ಕಂಬಳಿಯ ಭಾರಕ್ಕೆ ಬಿಗಿಯಾಗಿದ್ದ ತಂತಿ ಜೋತುಬಿದ್ದು, ಕಂಬಳಿಯ ಅಂಚು ನೆಲ ಮುಟ್ಟಿತು. ಎತ್ತಿ ಕಟ್ಟಲು ಹೋದವಳು ಹಾಗೇ ನಿಂತುಬಿಟ್ಟಳು. ತನ್ನ ಚಿತ್ರದಲ್ಲಿ ಹಿಮವೇನೋ ಬಿದ್ದಿದೆ, ಆದರೆ ಬಿದ್ದದ್ದು ಮರಕ್ಕೇ ಗೊತ್ತಿಲ್ಲ! ಅಷ್ಟು ಭಾರ ಹೊತ್ತೂ ಟೊಂಗೆಗಳು ಮೊದಲಿನಂತೆ ನೆಟ್ಟಗೆ ನಿಂತಿವೆ.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಹಿಮವನ್ನು ಪಕ್ಕಕ್ಕಿಟ್ಟು ಮರವನ್ನೇ ಮತ್ತೆ ಬಿಡಿಸಿದಳು. ಸಣ್ಣ ಟೊಂಗೆಗಳು ಬಾಗಿದವು, ದೊಡ್ಡವು ಹೆಗಲು ಇಳಿಬಿಟ್ಟವು, ಎಲೆಗೊಂಚಲು ನೆಲದ ಕಡೆ ಮುಖ ಮಾಡಿದವು. ಸಂಜೆ ಸುವರ್ಣಾ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಆಂಟಿ, ನನಗ ಹೊಳೀಲೇ ಇಲ್ಲಲ್ರಿ ಇದು! ನಾಳೆ ಆಫೀಸಿನ್ಯಾಗ ನನ್ನ ಗಿಡಾನೂ ಬಗ್ಗಸ್ತೇನಿ.” ಚಿತ್ರಕಾರರೆಲ್ಲ ತಮ್ಮ ಚಿತ್ರ ಹಾಕುವ ಒಂದು ಪೇಜು ನೆಟ್ಟಿನಲ್ಲಿದೆ, ಅಲ್ಲಿ ಹಾಕಲೇ ಎಂದು ಕೇಳಿ, ‘ಇಂದ್ರಮ್ಮ, ಬೆಂಗಳೂರು’ ಎಂದು ಬರೆದು ಹಾಕಿದಳು.

ಒಂದಿಷ್ಟು ಜನ ಮೆಚ್ಚಿದರು. ಒಬ್ಬ ಯಾವ ಬ್ರಷ್ ಎಂದು ಕೇಳಿದ. ಒಂದು ಮಾತ್ರ ಉದ್ದದ ಬರಹ. ಸುವರ್ಣಾ ಅದನ್ನು ಓದಿ ಹೇಳಿದಳು.

“ನಾರ್ವೆ ದೇಶದಾಗಿನ ಅಜ್ಜಿ ಒಬ್ಬಾಕಿ ಬರದಾಳ್ರಿ. ಈ ಗಿಡ ಆಕಿ ನೋಡಿಲ್ಲಂತ. ಆದ್ರ ಎಲಿ ಉದರೂಕಿಂತ ಮೊದಲ ಸ್ನೋ ಬಿದ್ರ ಅವರ ಗಿಡಾನೂ ಹಿಂಗ ಬಗ್ತಾವಂತ. ಭಾರಕ್ಕ ಟೊಂಗಿ ಮುರೀತಾವಂತ. ಅದಕ್ಕ ಅವರು ಉದ್ದನ್ನ ಕೋಲು ತಗೊಂಡು ಝಾಡಿಸ್ತಾರಂತ. ‘ನಿಮ್ಮ ಗಿಡಾನೂ ಯಾರಾದ್ರೂ ಲಗೂನ ಝಾಡಿಸಲಿ’ ಅಂದಾಳ.”

ಮೆಚ್ಚಿದವರ ಮಾತು ಇಂದ್ರಮ್ಮನಿಗೆ ನೆನಪಿನಲ್ಲಿ ಉಳಿಯಲಿಲ್ಲ. ಇದೊಂದು ಉಳಿಯಿತು. “ಪಾಪ, ಮುರಿದೋಗತ್ತೇನೋ” ಎಂದಳು. ಹೊರಗೆ ಮೇ ತಿಂಗಳ ಬಿಸಿಲಿನಲ್ಲಿ ನಿಜವಾದ ಹೊಂಗೆ ಮರ ಕಾಗೆಗಳನ್ನು ಕೂರಿಸಿಕೊಂಡು ಆರಾಮಾಗಿ ನಿಂತಿತ್ತು.

ಮರುದಿನ ಚಿತ್ರದ ಮರದ ಕೆಳಗೆ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಜೇಡರ ಬಲೆ ಹೊಡೆಯುವ ಉದ್ದನೆಯ ಕೋಲು. ಯಾರೋ ಒಬ್ಬರಿರಲಿ ಎಂದು ಬಿಡಿಸತೊಡಗಿದ್ದು, ಸೊಂಟದ ಮೇಲೊಂದು ಕೈ ಬಂತು, ಒಂದು ಭುಜ ತುಸು ಕೆಳಗಿಳಿಯಿತು, ಲುಂಗಿ ಬಂತು, ಬನಿಯನ್ನು ಬಂತು. ಕಾಫಿ ಲೋಟ ಹಿಡಿದು ಬಂದ ನಾರಾಯಣಪ್ಪ ಬಗ್ಗಿ ನೋಡಿದ.

“ಇದು ನಾನಲ್ವೇನೇ?”

“ಹೂಂ, ನೀವೇ.”

“ನನ್ಯಾಕೆ ಹಾಕ್ದೆ?”

“ಮರ ಒದರೋಕೆ ಯಾರಾದ್ರೂ ಬೇಕಲ್ಲ. ದಿನಾ ಅದರ ಕೆಳಗೆ ಕೂತು ಪೇಪರ್ ಓದೋರು ನೀವು.”

ನಾರಾಯಣಪ್ಪ ಒಂದು ಗುಟುಕು ಕುಡಿದ. ಮತ್ತೆ ನೋಡಿದ. “ಅಲ್ಲ, ಅಷ್ಟೊಂದು ಹಿಮದಲ್ಲಿ ಬರೀ ಬನಿಯನ್ನಲ್ಲಿ ನಿಲ್ಸಿದೀಯಲ್ಲ ತಾಯಿ. ನಿಮೋನಿಯಾ ಆಗಲ್ವಾ ನಂಗೆ?”

ಇಂದ್ರಮ್ಮ ಜೋರಾಗಿ ನಕ್ಕಳು. ನಗುತ್ತಲೇ ಅವಳ ಕಣ್ಣು ಚಿತ್ರದ ಬನಿಯನ್ನಿನ ಮೇಲೆ ನಿಂತಿತು. ಲೆಕ್ಕವಿಲ್ಲದಷ್ಟು ಜಾಕೆಟ್ಟು ಅವಳ ಕೈದಾಟಿ ಹೋಗಿದ್ದವು. ಒಂದೂ ಈ ಮನೆಗೆ ಬಂದಿರಲಿಲ್ಲ. ಸಂಜೆ ಗೇಟಿನಲ್ಲಿ ಚೀಲ ತಡಕಿ ಬಿಡುತ್ತಿದ್ದರು, ದಾರದ ತುಂಡೂ ಹೊರಗೆ ಬರುವಂತಿರಲಿಲ್ಲ. ಮಾಘದ ಚಳಿಯಲ್ಲೂ ಈ ಮನುಷ್ಯ ಅರ್ಧ ತೋಳಿನ ಶರಟಿನಲ್ಲೇ ವರ್ಕ್‌ಶಾಪಿಗೆ ಹೋಗಿ ಬಂದವನು.

“ಕೂತ್ಕೊಳ್ಳಿ ಇಲ್ಲಿ. ಯಾವ ಬಣ್ಣ ಬೇಕು ಹೇಳಿ.”

“ಯಾತಕ್ಕೆ?”

“ಜಾಕೆಟ್ಟು ಹೊಲೀತೀನಿ ನಿಮಗೆ.”

ನಾರಾಯಣಪ್ಪ ನಿಜವಾಗಿಯೂ ಯೋಚನೆ ಮಾಡಿದ. “ನೀಲಿ ಬೇಡ. ಯೂನಿಫಾರಂ ಹಾಕಿ ಹಾಕಿ ಸಾಕಾಗಿದೆ. ಮೆರೂನ್ ಹಾಕು.”

“ಜೋಬು?”

“ಎರಡು. ಒಳಗೊಂದು ಇರ್ಲಿ, ಕನ್ನಡಕ ಇಡೋಕೆ.”

ಇಂದ್ರಮ್ಮ ಬೆನ್ನಿನ ಭಾಗ, ಎದೆಯ ಎರಡು ಭಾಗ, ತೋಳು, ಕಾಲರು ಎಂದು ಕತ್ತರಿಸಿದಂತೆಯೇ ಬಿಡಿಬಿಡಿಯಾಗಿ ಬಿಡಿಸಿ ಜೋಡಿಸಿದಳು. ಹತ್ತಿ ತುಂಬಿದ ಉಬ್ಬು, ಉಬ್ಬುಗಳ ನಡುವೆ ಹೊಲಿಗೆಯ ಸಾಲು. ಕೆಳಗಿನಿಂದ ಕತ್ತಿನವರೆಗೆ ಜಿಪ್ಪು. ಒಳಜೇಬನ್ನೂ ಒಂದು ಲೇಯರಿನಲ್ಲಿ ಬಿಡಿಸಿ, ಅದರ ಮೇಲೆ ಹೊರಗಿನ ಬಟ್ಟೆ ಮುಚ್ಚಿದಳು.

“ಎಲ್ಲೇ ಒಳಜೋಬು?”

“ಕಾಣ್ಸಲ್ಲ. ಆದ್ರೆ ಇದೆ.”

ಭುಜದ ಮೇಲೆ ಚಿಟಿಕೆಯಷ್ಟು ಹಿಮ ಉದುರಿಸಿದಳು. ತಲೆಯ ಕಡೆ ಪೆನ್ನು ಹೋದಾಗ ನಾರಾಯಣಪ್ಪ ತಡೆದ. “ತಲೆಗೆ ಬೇಡ ಕಣೇ, ಇರೋ ಬಿಳೀನೇ ಸಾಕು.”

ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸೋಣವೆಂದದ್ದು ಅವನೇ. ಟ್ಯಾಬು ತಾನು ಮುಟ್ಟಿ ಏನಾದರೂ ಅಳಿಸಿಹೋದೀತೆಂದು ಹೆದರಿ ಇಂದ್ರಮ್ಮನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ. ತಮ್ಮದೇ ರಸ್ತೆಯ ಕೊನೆಗೆ ಸೀನನ ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡು, ಸ್ಟಿಕ್ಕರು, ಹುಟ್ಟುಹಬ್ಬದ ಬ್ಯಾನರು ಮಾಡುವ ಹುಡುಗ.

“ಸೂಪರ್ ಆಗಿದೆ ಸಾರ್. ಟೆಕ್ಸ್ಟ್ ಏನ್ ಹಾಕ್ಲಿ? ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳಾ?”

“ಏನೂ ಬೇಡಪ್ಪ. ಬರೀ ಚಿತ್ರ.”

“ಎಲ್ಲಿದು, ಕಾಶ್ಮೀರಾನಾ? ಟೂರ್ ಹೋಗಿದ್ರಾ ಆಂಟಿ?”

“ದೊಡ್ಡದು ಮಾಡಿ ನೋಡು” ಎಂದಳು ಇಂದ್ರಮ್ಮ. ಸೀನ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದ. ಮರದ ಹಿಂದೆ ಹಿಮ ಹೊತ್ತ ಟ್ರಾನ್ಸ್‌ಫಾರ್ಮರು ಕಾಣಿಸಿತು, ಕಾಲು ಮುರಿದ ಸಿಮೆಂಟಿನ ಬೆಂಚು ಕಾಣಿಸಿತು. ಅದರಾಚೆ ಅರ್ಧ ಇಳಿದ ಷಟರಿನ ಒಂದು ಅಂಗಡಿ. ಅವನ ಕೈ ನಿಂತಿತು.

“ಆಂಟಿ... ಇದು ನನ್ನ ಅಂಗಡಿ!”

“ಹೌದು ಕಣೋ. ನೀನು ಬೆಳಗ್ಗೆ ಲೇಟಾಗಿ ತೆಗೀತೀಯಲ್ಲ, ಅದಕ್ಕೆ ಷಟರ್ ಅರ್ಧ ಹಾಕಿದೀನಿ.”

ಪ್ರಿಂಟು ಹೊರಬರುವಷ್ಟರಲ್ಲಿ ಸೀನ ಪಕ್ಕದ ಬೇಕರಿಯವನನ್ನೂ ಆಟೋ ಸ್ಟ್ಯಾಂಡಿನವರನ್ನೂ ಕರೆದಾಗಿತ್ತು. ಎಲ್ಲರೂ ಬಗ್ಗಿ ತಮ್ಮ ತಮ್ಮ ಜಾಗ ಹುಡುಕಿದರು. “ನನ್ನ ಆಟೋ ಮೇಲೂ ಒಂಚೂರು ಹಿಮ ಹಾಕಿಕೊಡಿ ಆಂಟಿ” ಎಂದು ಒಬ್ಬ ಅಲ್ಲೇ ದುಂಬಾಲು ಬಿದ್ದ. ಅವನಿಗೆ ಹಾಕಿಕೊಟ್ಟ ಮೇಲೆ ಬೇಕರಿಯವನನ್ನು ಬಿಡುವಂತಿರಲಿಲ್ಲ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಆ ರಸ್ತೆಯ ಎಷ್ಟೋ ಫೋನುಗಳ ಪರದೆಯ ಮೇಲೆ ಹಿಮ ಬಿದ್ದಿತ್ತು.

ಕೊನೆಗೆ ಸುವರ್ಣಾಳೂ ಕೇಳಿದಳು. ಊರಿನ ತಮ್ಮ ಮನೆಯ ಮುಂದಿನ ಬೇವಿನ ಮರದ ಫೋಟೋ ತಂದು, “ನಮ್ಮವ್ವಗ ತೋರಸ್ತೇನಿ, ಇದಕ್ಕೂ ಹಾಕ್ರಿ” ಎಂದಳು. ಇಂದ್ರಮ್ಮ ಪ್ರೀತಿಯಿಂದ ಬಿಡಿಸಿದಳು. ಬೇವಿನ ಸಣ್ಣ ಎಲೆಗೆ ಹಿಮ ನಿಲ್ಲಿಸುವುದು ಹೊಂಗೆಗಿಂತ ಕಷ್ಟವಾಯಿತು. ಮುಗಿದ ದಿನ ಇಬ್ಬರೂ ಕೂತು ಸುವರ್ಣಾಳ ತಾಯಿ ಶಂಕ್ರವ್ವನಿಗೆ ವಿಡಿಯೋ ಕಾಲ್ ಮಾಡಿ ಚಿತ್ರ ತೋರಿಸಿದರು.

“ಯವ್ವಾ, ಇದೇನ, ನಮ್ಮ ಬೇವಿನ ಗಿಡಕ್ಕ ಹತ್ತಿ ಹತ್ತೈತಿ?” ಎಂದಳು ಶಂಕ್ರವ್ವ. ಹಿಮವೆಂದು ತಿಳಿದ ಮೇಲೆ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. “ಚಂದ ಐತಿ ಬಿಡ್ರಿ. ಆದ್ರ ಅಕ್ಕಾರ, ನೆಳ್ಳ ಎಲ್ಲೈತಿ? ನೆಳ್ಳಿಲ್ಲದ ಬೇವಿನ ಗಿಡ ತಗೊಂಡು ಏನ್ ಮಾಡೂದ್ರಿ? ನನ್ನ ಎಮ್ಮಿ ಎಲ್ಲಿ ಕಟ್ಲಿ?”

ಸುವರ್ಣಾ ನಾಚಿ ತಾಯಿಯನ್ನು ಗದರಿದಳು. ಇಂದ್ರಮ್ಮ ನಗುತ್ತಲೇ ಚಿತ್ರ ನೋಡಿದಳು. ಮೋಡ ಕವಿದ ಬೆಳಕು ಹಾಕಿದ್ದರಿಂದ ನೆಲದ ಮೇಲೆ ನೆರಳೇ ಇರಲಿಲ್ಲ. ಶಂಕ್ರವ್ವ ಹೇಳಿದ್ದು ಸರಿ. ಹಿಮದ ಲೇಯರ್ ತೆಗೆದು ನೋಡಿದಳು, ಆದರೆ ಭಾರಕ್ಕೆಂದು ಬಗ್ಗಿಸಿದ ಟೊಂಗೆಗಳು ಹಾಗೇ ಜೋತುಬಿದ್ದಿದ್ದವು, ಮರ ಕಾಯಿಲೆ ಬಿದ್ದಂತೆ ಕಂಡಿತು. ಎಲ್ಲವನ್ನೂ ಬಿಟ್ಟು ಹೊಸದಾಗಿ ಶುರುಮಾಡಿದಳು. ಟೊಂಗೆಗಳು ಆಕಾಶಕ್ಕೆ ಏರಿದವು, ಬಿಸಿಲು ಸುರಿಯಿತು, ಬುಡದ ಸುತ್ತ ದಟ್ಟ ನೆರಳು ಹರಡಿತು. ನೆರಳಿನ ನಡುವೆ ಒಂದು ಎಮ್ಮೆ ಕಣ್ಣು ಮುಚ್ಚಿ ಮಲಗಿತು.

ಸುವರ್ಣಾ ಅದನ್ನು ಊರಿಗೆ ಕಳಿಸಿದಾಗ ಶಂಕ್ರವ್ವ ವಾಯ್ಸ್ ಮೆಸೇಜಿನಲ್ಲಿ ಉತ್ತರ ಕೊಟ್ಟಳು. “ಹಾಂ, ಇದು ನಮ್ಮ ಗಿಡ ನೋಡ್ರಿ. ಅಕ್ಕಾರ, ಒಮ್ಮೆ ಬಂದು ಇದರ ಬುಡಕ್ಕ ಕುಂದರ್ರಿ. ನಿಮ್ಮ ಯಜಮಾನರ್ನೂ ಕರಕೊಂಡು ಬರ್ರಿ.”

ಇಂದ್ರಮ್ಮ ಅದನ್ನು ನಾರಾಯಣಪ್ಪನಿಗೂ ಕೇಳಿಸಿ, ಚಿತ್ರ ತೋರಿಸಿದಳು. ಅವನು ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದ.

“ಎಮ್ಮೆ ಚೆನ್ನಾಗಿ ಬಂದಿದೆ ಕಣೇ” ಎಂದ.

ಅವನ ಬಾಯಿಂದ ‘ಚೆನ್ನಾಗಿ ಬಂದಿದೆ’ ಎಂಬ ಮಾತು ಬಂದದ್ದು ಅದೇ ಮೊದಲು. ಇಂದ್ರಮ್ಮ ಅವನಿಗೆ ಇನ್ನೊಂದು ಲೋಟ ಕಾಫಿ ಬೆರೆಸಲು ಎದ್ದಳು.